ಬೀಜಿಂಗ್‌ನ ದಾಗುವಾನ್‌ಯುವಾನ್ ತೋಟ ನೋಡಿ ಬಂದವರು ಇದ್ದೀರಾ?

ಪ್ರಶ್ನೆ: ಅಮ್ಮನ ಜೊತೆ ಬೀಜಿಂಗ್‌ಗೆ ಹೋಗುತ್ತಿದ್ದೇನೆ. 'ಹೊಂಗ್‌ಲೌ ಮೆಂಗ್', ಅಂದರೆ ಕೆಂಪು ಮಹಲಿನ ಕನಸು, ಅನ್ನುವ ಹಳೇ ಕಾದಂಬರಿಯಲ್ಲಿ ಬರುವ ತೋಟವನ್ನು ಅಲ್ಲಿ ಕಟ್ಟಿದ್ದಾರಂತೆ. ನಾನು ಕಾದಂಬರಿ ಓದಿಲ್ಲ. ಅರ್ಧ ದಿನ ಕೊಡಬಹುದಾ?

ಉತ್ತರ 1: ಖಂಡಿತ ಕೊಡಿ, ಆದರೆ ಸ್ವಲ್ಪವಾದರೂ ಓದಿಕೊಂಡು ಹೋಗಿ. ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಏನೂ ಗೊತ್ತಿರಲಿಲ್ಲ, ಕೊಳ, ಸೇತುವೆ, ಕೆಂಪು ಕಂಬ ನೋಡಿ ಒಂದು ಗಂಟೆಯೊಳಗೇ ಹೊರಗೆ ಬಂದೆ. ಅದು ಪುರಾತನ ತೋಟ ಅಲ್ಲ. 1987ರ ಟಿವಿ ಧಾರಾವಾಹಿಯ ಚಿತ್ರೀಕರಣಕ್ಕೆ ಅಂತ 1980ರ ದಶಕದಲ್ಲಿ ಕಟ್ಟಿದ್ದು, ಹಾಗಾಗಿ ಬರೀ ಕಟ್ಟಡ ನೋಡುವವರಿಗೆ ಅಲ್ಲಿ ಜಾಸ್ತಿ ಏನೂ ಸಿಗುವುದಿಲ್ಲ.

ಎರಡನೇ ಸಲ 17ನೇ ಅಧ್ಯಾಯ ಓದಿಕೊಂಡು ಹೋದೆ. ಅರಮನೆ ಸೇರಿದ ಮಗಳು ತವರಿಗೆ ಬರುತ್ತಾಳೆ ಅಂತ ಕಥೆಯ ಜಿಯಾ ಮನೆತನದವರು ತೋಟ ಕಟ್ಟಿಸಿರುತ್ತಾರೆ. ಅಪ್ಪ ಜಿಯಾ ಜೆಂಗ್ ಮಗ ಬಾವ್‌ಯುವನ್ನು ಕರೆದುಕೊಂಡು, ಒಂದೊಂದು ಜಾಗಕ್ಕೂ ಏನು ಹೆಸರಿಡೋಣ ಅಂತ ಕೇಳುತ್ತಾ ನಡೆಯುತ್ತಾನೆ. ಬಾಗಿಲು ದಾಟಿದ ಕೂಡಲೇ ಎದುರಿಗೆ ಕಲ್ಲಿನ ಗುಡ್ಡ, ಹಿಂದೆ ಏನಿದೆ ಅಂತ ಕಾಣುವುದೇ ಇಲ್ಲ. ಈ ಗುಡ್ಡ ಇಲ್ಲದಿದ್ದರೆ ಎಲ್ಲ ಒಂದೇ ಸಲ ಕಣ್ಣಿಗೆ ಬೀಳುತ್ತಿತ್ತು, ಆಗ ಏನು ಸೊಗಸು ಅನ್ನುತ್ತಾನೆ ಅಪ್ಪ. ಮೊದಲ ಸಲ ಅದೇ ಗುಡ್ಡ ನನಗೆ ಸುಮ್ನೆ ಅಡ್ಡ ಅನಿಸಿತ್ತು!

ಮುಂದೆ ಹಳ್ಳಿಮನೆಯಂಥ ಜಾಗ ಸಿಗುತ್ತದೆ, ಮಣ್ಣಿನ ಗೋಡೆ, ಹುಲ್ಲಿನ ಮಾಡು. ಅಪ್ಪನಿಗೆ ಅದನ್ನು ಕಂಡರೆ ಪ್ರೀತಿ. ಹುಡುಗ ಮಾತ್ರ, ಹತ್ತಿರ ಊರಿಲ್ಲ, ಹಿಂದಿನ ಗುಡ್ಡಕ್ಕೆ ಬೆಟ್ಟಸಾಲಿನ ನಂಟಿಲ್ಲ, ಇದು ಸಹಜವಾಗಿಲ್ಲ ಅಂತ ಮುಖಕ್ಕೇ ಹೇಳಿ ಬೈಸಿಕೊಳ್ಳುತ್ತಾನೆ. ಕಥೆಯೊಳಗೇ ಕೃತಕ ಅನಿಸಿಕೊಂಡ ಆ ಹಳ್ಳಿಯನ್ನು ಕಥೆ ನೋಡಿಕೊಂಡು ನಿಜವಾಗಿ ಕಟ್ಟಿದ್ದಾರೆ. ನಾನು ಆ ಗೋಡೆಯ ಮುಂದೆ ಎಷ್ಟೋ ಹೊತ್ತು ನಿಂತಿದ್ದೆ. ಆಮೇಲೆ ಬಾವ್‌ಯುವಿನ ಸೋದರತ್ತೆ ಮಗಳು ದಾಯ್‌ಯು ಮನೆಗೆ ಹೋಗಿ, ಬಿದಿರು ಇದೆ ಅಂತಲೇ ಅವಳು ಆರಿಸಿಕೊಂಡಿದ್ದು. ಅಲ್ಲಿ ಆತುರ ಮಾಡಬೇಡಿ.

ಐದು ಸಂಪುಟದ ಇಂಗ್ಲಿಷ್ ಅನುವಾದದಲ್ಲಿ ಮೊದಲನೆಯದು ಸಾಕು, ಮೊದಲ 26 ಅಧ್ಯಾಯ ಅದರಲ್ಲೇ ಇವೆ.

ಉತ್ತರ 2: ಮ್ಯಾಪ್‌ನಲ್ಲಿ ಹುಡುಕುವಾಗ ಹುಷಾರು, ಇದೇ ಹೆಸರಿನ ಇನ್ನೊಂದು ತೋಟ ಶಾಂಘೈನ ಚಿಂಗ್‌ಪುನಲ್ಲಿದೆ. ಪಾಸ್‌ಪೋರ್ಟ್ ಜೊತೆಗಿರಲಿ. ಊಟಕ್ಕೆ ನ್ಯೂಜಿಯೆ ದೂರ ಇಲ್ಲ, ಮುಸ್ಲಿಮರ ಬೀದಿ, ಅಕ್ಕಿಹಿಟ್ಟಿನ ಸಿಹಿತಿಂಡಿ ಚೆನ್ನಾಗಿರುತ್ತದೆ. ಹಂದಿ ಕೊಬ್ಬಿನ ಭಯ ಇಲ್ಲ, ಆದರೆ ದನ, ಕುರಿ ಮಾಂಸ ಜಾಸ್ತಿ. ಅಮ್ಮ ಸಸ್ಯಾಹಾರಿ ಆದರೆ ಚೀನೀ ಭಾಷೆಯಲ್ಲಿ ಬರೆಸಿಟ್ಟುಕೊಂಡು ತೋರಿಸಿ.

ಉತ್ತರ 3: ಅಮ್ಮನವರು ಓದದಿದ್ದರೂ ಪರವಾಗಿಲ್ಲ, ನೀವು ಕಥೆ ಹೇಳಿ. ನಮ್ಮಮ್ಮನಿಗೆ ನಾನು ಲ್ಯೂ ಅಜ್ಜಿಯ ಕಥೆ ಹೇಳಿದ್ದೆ. ಹಳ್ಳಿಯಿಂದ ಬಂದ ಬಡ ಅಜ್ಜಿ, ಕುಡಿದ ಮತ್ತಿನಲ್ಲಿ ದಾರಿ ತಪ್ಪಿ ಬಾವ್‌ಯು ಕೋಣೆಗೆ ನುಗ್ಗುತ್ತಾಳೆ. ಕನ್ನಡಿಯಲ್ಲಿ ತನ್ನನ್ನೇ ನೋಡಿ, ಬೀಗಿತ್ತಿ ಬಂದಿದ್ದಾರೆ ಅಂದುಕೊಂಡು ಮಾತಾಡಿಸುತ್ತಾಳೆ! ಬಾವ್‌ಯು ಮನೆ ಬಾಗಿಲಲ್ಲೇ ನಿಂತು ಅಮ್ಮ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಮುಂಚೆ ಹೋಟೆಲ್‌ನಲ್ಲಿ ಹೇಳಿಬಿಡಬೇಡಿ, ಅಲ್ಲಿಗೆ ಹೋದಮೇಲೇ ಹೇಳಿ.