ಥಾಯ್ ಮನೆಯ ಊಟಕ್ಕೆ ಕರೆದಿದ್ದಾರೆ, ಏನು ಹೇಳಲಿ?

ಪ್ರಶ್ನೆ: ನಮಸ್ಕಾರ ಸರ್. ಮುಂದಿನ ತಿಂಗಳು ಥಾಯ್ಲೆಂಡಿಗೆ ಹೊರಟಿದ್ದೇವೆ. ನಮ್ಮ ಯಜಮಾನರ ಜೊತೆ ಕೆಲಸ ಮಾಡುವವರೊಬ್ಬರ ಊರು ಖೋನ್ ಕೇನ್. ಅವರ ತಾಯಿ ಮನೆಗೇ ಊಟಕ್ಕೆ ಕರೆದಿದ್ದಾರೆ. ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಬರಲ್ಲ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೇನೋ. ಹೋಗಿ ತಿನ್ನದೆ ಕೂತರೆ ಇನ್ನೂ ಕಷ್ಟ ಅಲ್ವಾ?

ಉತ್ತರ (ಟೂರ್ ಮ್ಯಾನೇಜರ್): ಖಂಡಿತ ಹೋಗಿ ಮೇಡಂ. ಆದರೆ ಬಾಗಿಲಲ್ಲಿ ನಿಂತು ಹೇಳಬೇಡಿ, ಈಗಲೇ ಫೋನ್ ಮಾಡಿಸಿ. ‘ವೆಜಿಟೇರಿಯನ್’ ಅಂದರೆ ಸಾಲದು. ಅಲ್ಲಿ ನಮ್ ಪ್ಲಾ, ಅಂದರೆ ಮೀನಿನ ಸಾಸ್, ನಮ್ಮ ಉಪ್ಪಿನ ಡಬ್ಬಿ ಇದ್ದ ಹಾಗೆ. ಅದನ್ನು ಮೀನು ಅಂತ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ನಾನು ಹೊಸದರಲ್ಲಿ ಒಂದು ಮನೆಯಲ್ಲಿ ‘ಮಾಂಸ ಬೇಡ’ ಅಂದೆ. ಅಜ್ಜಿ ತಲೆಯಾಡಿಸಿ, ಸಾರಿನಲ್ಲಿದ್ದ ಹಂದಿ ಮಾಂಸದ ತುಂಡುಗಳನ್ನು ಒಂದೊಂದಾಗಿ ಸೌಟಿನಲ್ಲಿ ಎತ್ತಿ ಬದಿಗಿಟ್ಟರು. ಉಳಿದ ಸಾರನ್ನು ನಗುನಗುತ್ತಾ ನನ್ನ ಮುಂದಿಟ್ಟರು. ಪಾಪ, ಅವರದ್ದೇನು ತಪ್ಪು?

ಅದಕ್ಕೇ ‘ಜೇ’ ಅನ್ನಿ. ಅದು ಚೀನೀ ಮೂಲದವರು ತಂದ ವ್ರತದ ಅಡುಗೆ. ಮಾಂಸ, ಮೀನು, ಮೊಟ್ಟೆ ಇಲ್ಲ. ಹಾಲು, ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಬೀದಿಯಲ್ಲಾದರೆ ಹಳದಿ ಬಾವುಟದ ಮೇಲಿನ ಕೆಂಪು ಅಕ್ಷರ ಹುಡುಕಿ. ನಮ್ಮ ಕಣ್ಣಿಗೆ 17 ಬರೆದ ಹಾಗೆ ಕಾಣುತ್ತದೆ.

ಪ್ರಶ್ನೆ: ಸೋಮ್ ತಮ್ ತಿನ್ನಬಹುದಾ ಸರ್? ಪರಂಗಿಕಾಯಿ ಕೋಸಂಬರಿ ತಾನೇ?

ಉತ್ತರ: ಕೋಸಂಬರಿ ಅಂತ ಮೋಸ ಹೋಗಬೇಡಿ! ಅದರಲ್ಲಿ ಒಣ ಸಿಗಡಿ, ನಮ್ ಪ್ಲಾ ಇರುತ್ತವೆ. ಖೋನ್ ಕೇನ್ ಕಡೆ ಪ್ಲಾ ರಾ ಅಂತ ಹುಳಿ ಬರಿಸಿದ ಮೀನೂ ಸೇರುತ್ತದೆ. ಕಣ್ಣೆದುರೇ ಒರಳಲ್ಲಿ ಕುಟ್ಟುವುದರಿಂದ ‘ಮೈ ಸೈ ನಮ್ ಪ್ಲಾ, ಮೈ ಸೈ ಪ್ಲಾ ರಾ, ಮೈ ಸೈ ಕುಂಗ್ ಹೇಂಗ್’ ಅಂದರೆ ಸಾಕು, ಮೀನಿನ ಸಾಸ್, ಹುಳಿ ಬರಿಸಿದ ಮೀನು, ಒಣ ಸಿಗಡಿ ಮೂರೂ ಹಾಕುವುದಿಲ್ಲ. ಆದರೆ ಒರಳಿಗೆ ಹಿಂದಿನ ಗಿರಾಕಿಯ ಮೀನಿನ ವಾಸನೆ ಅಂಟಿರುತ್ತದೆ. ಅಷ್ಟು ಮಡಿ ಇದ್ದರೆ ಬಿಟ್ಟುಬಿಡಿ.

ಪ್ರಶ್ನೆ: ಕಡ್ಡಿಯಲ್ಲಿ ತಿನ್ನೋಕೆ ಬರಲ್ಲ.

ಉತ್ತರ: ಬೇಕಾಗಿಯೂ ಇಲ್ಲ, ಕಡ್ಡಿ ಹೆಚ್ಚಾಗಿ ನೂಡಲ್ಸಿಗೆ. ಅನ್ನವನ್ನು ಎಡಗೈ ಫೋರ್ಕಿನಿಂದ ಚಮಚಕ್ಕೆ ತಳ್ಳಿ, ಚಮಚದಲ್ಲಿ ತಿನ್ನುತ್ತಾರೆ. ನೀವು ಹೋಗುವ ಕಡೆಯಂತೂ ಖಾವ್ ನಿಯಾವ್, ಅಂಟು ಅನ್ನ, ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಬರುತ್ತದೆ. ಮುದ್ದೆ ಮುರಿದ ಹಾಗೆ ಬಲಗೈಯಲ್ಲಿ ಚೂರು ಮುರಿದು, ಉಂಡೆ ಮಾಡಿ, ಅದ್ದಿ ತಿನ್ನಿ. ನುಂಗಬೇಡಿ, ಅಗಿಯಬೇಕು! ಬುಟ್ಟಿಯ ಮುಚ್ಚಳ ಮುಚ್ಚಿ, ಇಲ್ಲದಿದ್ದರೆ ಅನ್ನ ಗಟ್ಟಿಯಾಗುತ್ತದೆ. ಪಲ್ಯ, ಸಾರು ಎಲ್ಲರಿಗೂ ನಡುವೆ ಇಟ್ಟಿರುತ್ತಾರೆ. ಒಂದೆರಡು ಚಮಚವಷ್ಟೇ ಹಾಕಿಕೊಳ್ಳಿ, ಬೇಕಾದರೆ ಮತ್ತೆ. ಚಪ್ಪಲಿ ಹೊರಗೆ ಬಿಡುವುದು ನಿಮಗೆ ಹೇಳಬೇಕಿಲ್ಲ.

ಇನ್ನೊಂದು. ‘ಕಿನ್ ಖಾವ್ ರೂ ಯಾಂಗ್’ ಅಂತ ಸಿಕ್ಕವರೆಲ್ಲ ಕೇಳುತ್ತಾರೆ. ನಮ್ಮ ‘ಊಟ ಆಯ್ತಾ’ನೇ, ಸುಮ್ನೆ ಮಾತಿಗೆ. ನಕ್ಕು ‘ಕಿನ್ ಲೇವ್ ಖಾ’, ಆಯ್ತು ಅನ್ನಿ. ಮನೆಯಲ್ಲಿ ಬಲವಂತ ಜಾಸ್ತಿಯಾದರೆ ‘ಇಮ್ ಲೇವ್ ಖಾ’, ಹೊಟ್ಟೆ ತುಂಬಿತು. ಯಜಮಾನರು ಹೇಳುವಾಗ ಕೊನೆಗೆ ‘ಖಾ’ ಬದಲು ‘ಖ್ರಾಪ್’.

ಪ್ರಶ್ನೆ ಕೇಳಿದವರು: ಫೋನ್ ಮಾಡಿಸಿದೆ ಸರ್. ‘ಜೇ’ ಅಂದ ತಕ್ಷಣ ಅವರಿಗೆ ಅರ್ಥವಾಯಿತಂತೆ. ‘ಹಾಗಾದರೆ ಮಾವಿನ ಹಣ್ಣು, ಅಂಟು ಅನ್ನ ತಿನ್ನುತ್ತಾರಲ್ವಾ’ ಅಂತ ಎರಡು ಸಲ ಕೇಳಿದರಂತೆ.

ಉತ್ತರ: ತೆಂಗಿನ ಹಾಲು, ಸಕ್ಕರೆ, ಚಿಟಿಕೆ ಉಪ್ಪು. ಕಣ್ಣು ಮುಚ್ಚಿ ತಿನ್ನಿ ಮೇಡಂ. ಹೊಟ್ಟೆಯಲ್ಲಿ ಸ್ವಲ್ಪ ಜಾಗ ಇಟ್ಟುಕೊಂಡಿರಿ.