ಪದಚರ್ಚೆ: ‘ಪುನರ್ಮಿಲನ ಚಿಕಿತ್ಸೆ’ ಸರಿಯೇ? (ತುರ್ತು)

ಗೆಳೆಯರೇ, ನಾಳೆ ಸಂಜೆಯೊಳಗೆ ಎರಡು ಕಡೆಗೆ ಪದ ಬೇಕು. ಒಂದು ಸಮಾಲೋಚನಾ ಕೊಠಡಿಯ ಬಾಗಿಲ ಫಲಕ, ಎರಡು ಸಾಲಿಗಿಂತ ಹೆಚ್ಚು ಹಿಡಿಸದು. ಇನ್ನೊಂದು ಒಪ್ಪಿಗೆ ಪತ್ರದ ಅನುವಾದ. ವಿಷಯ ‘ರಿಯೂನಿಫಿಕೇಶನ್ ಥೆರಪಿ’: ಅಪ್ಪ ಅಮ್ಮ ಬೇರೆಯಾದ ಮೇಲೆ ಮಗು ಒಬ್ಬರ ಮುಖ ನೋಡಲೂ ಒಲ್ಲೆ ಅಂದಾಗ ಆ ಸಂಬಂಧವನ್ನು ಮತ್ತೆ ಕಟ್ಟುವ ಚಿಕಿತ್ಸೆ. ಎಷ್ಟೋ ಸಲ ನ್ಯಾಯಾಲಯದ ಆದೇಶದ ಮೇಲೆ ನಡೆಯುತ್ತದೆ. ಕರಡಿನಲ್ಲಿ ‘ಪುನರ್ಮಿಲನ ಚಿಕಿತ್ಸೆ’, ಮಗು ಒಲ್ಲೆ ಅಂದವರಿಗೆ ‘ಪರಿತ್ಯಕ್ತ ಪೋಷಕ’ ಅಂತ ಇವೆ. ಎರಡೂ ಕಿವಿಗೆ ಒಗ್ಗುತ್ತಿಲ್ಲ.
— ವಿ.

‘ಮಿಲನ’ ಬೇಡವೇ ಬೇಡ. ಗಂಡ ಹೆಂಡತಿಯನ್ನು ಮತ್ತೆ ಒಂದುಮಾಡುತ್ತಾರೆ ಅಂತಲೇ ಓದುಗ ತಿಳಿಯುತ್ತಾನೆ. ‘ನಂಟುಬೆಸುಗೆ’ ಅನ್ನಿ. ನಂಟು ಅಚ್ಚ ದ್ರಾವಿಡ, ತಮಿಳಿನ ನಣ್ಪು, ನಟ್ಪುಗಳ ಒಡಹುಟ್ಟು. ‘ಹತ್ತಿರವಾಗು’ ಅನ್ನುವುದೇ ಬೇರಿನ ಅರ್ಥ. ಇದಕ್ಕಿಂತ ಇನ್ನೇನು ಬೇಕು?
— ನ.

> ನಂಟುಬೆಸುಗೆ

ಕೇಳಿದರೆ ಗ್ಯಾಸ್ ವೆಲ್ಡಿಂಗ್ ಅಂಗಡಿ. ‘ಚಿಕಿತ್ಸೆ’ಯನ್ನು ಬಿಡುವ ಮುಂಚೆ ಅದರ ಹುಟ್ಟು ನೋಡಿ. ಕಿತ್ ಧಾತುವಿನ ಸನ್ನಂತ ರೂಪ, ಅಂದರೆ ಬಯಕೆಯನ್ನು ಸೂಚಿಸುವ ರೂಪ. ಮೂಲದಲ್ಲಿ ‘ಅರಿಯಬಯಸುವುದು, ಗಮನವಿಡುವುದು’ ಎಂಬ ಅರ್ಥ. ಮದ್ದು ಮಾತ್ರೆ ಆಮೇಲೆ ಬಂದದ್ದು. ಈ ಕೆಲಸಕ್ಕೆ ಹೇಳಿ ಮಾಡಿಸಿದ ಪದ.
— ಗ.

ಧಾತು ಏನೇ ಇರಲಿ, ಒಂಬತ್ತು ವರ್ಷದ ಮಗು ಬಾಗಿಲಲ್ಲಿ ‘ಚಿಕಿತ್ಸೆ’ ಅಂತ ಓದಿದರೆ ಕಾಯಿಲೆ ತನಗೇ ಅಂದುಕೊಳ್ಳುತ್ತದೆ. ಒಳಗೆ ಏನು ನಡೆಯುತ್ತದೆ ಅಂತ ಗೊತ್ತಿದ್ದರೆ ಪದ ಆರಿಸುವುದು ಸುಲಭ. ಮೊದಲು ಥೆರಪಿಸ್ಟ್ ತಂದೆ, ತಾಯಿ, ಮಗು ಮೂವರನ್ನೂ ಬೇರೆ ಬೇರೆಯಾಗಿ ಕಾಣುತ್ತಾರೆ. ಹೊಡೆತ, ದೌರ್ಜನ್ಯ ಇತ್ತೇ ಅನ್ನುವುದು ಇಲ್ಲಿ ಸ್ಪಷ್ಟವಾಗಬೇಕು. ಅಪಾಯವಿದ್ದರೆ ಮುಂದಿನ ಹೆಜ್ಜೆಯೇ ಇಲ್ಲ. ಆಮೇಲೆ ದೂರವಾದವರಿಂದ ಮಗುವಿಗೊಂದು ಪತ್ರ. ಮುಖಾಮುಖಿ ಅದಾದ ಮೇಲೆ, ಅದೂ ಮೊದಮೊದಲು ಚುಟುಕಾಗಿ, ಕೈಗೊಂದು ಆಟವೋ ಚಿತ್ರವೋ ಕೊಟ್ಟು. ಮಗು ಸಾಕು ಅಂದರೆ ಸಾಕು. ಹೊರಗಿನ ಭೇಟಿ, ರಾತ್ರಿ ತಂಗುವುದು ಎಲ್ಲ ಬಹಳ ಮುಂದಿನ ಮಾತು. ಎಷ್ಟೋ ಕಡೆ ಕೆಡುವುದು ಮನೆಯಲ್ಲಿ: ಮಗು ಮರಳಿದೊಡನೆ ಜೊತೆಗಿರುವವರು ‘ಏನಂದರು, ಏನು ಕೇಳಿದರು’ ಅಂತ ವಿಚಾರಣೆಗೆ ಕೂರಿಸಿದರೆ ಮುಂದಿನ ಸಲ ಅದು ಬಾಯಿಯೇ ಬಿಡುವುದಿಲ್ಲ.

ಹಾಗಾಗಿ ಮಿಲನ, ಬೆಸುಗೆ ಎರಡೂ ಬೇಡ. ಎರಡೂ ಫಲವನ್ನು ಮುಂಗಡವಾಗಿ ಘೋಷಿಸುತ್ತವೆ. ‘ವಾರಕ್ಕೊಂದು ಫೋನ್ ಕರೆ ಸಾಕು’ ಅನ್ನುವಲ್ಲಿಗೇ ನಿಂತರೂ ಅದು ಸೋಲಲ್ಲ.

ದೂರವಾದವರು ಮಗುವಿಗೆ ಬರೆಯುವ ಪತ್ರದ ಮಾದರಿಯೂ ಅನುವಾದದಲ್ಲಿದ್ದರೆ ಒಂದು ಎಚ್ಚರ. ‘ನಿನಗೆ ನೋವಾಗಿದ್ದರೆ ಕ್ಷಮಿಸು’ ಅಂತ ಬರೆಯಬೇಡಿ. ಆ ‘-ದರೆ’ ಒಂದೇ ಇಡೀ ಕ್ಷಮೆಯನ್ನು ಕೆಡಿಸುತ್ತದೆ. ನೋವಾಯಿತೋ ಇಲ್ಲವೋ ಅನ್ನುವುದು ಇನ್ನೂ ಚರ್ಚೆಯಲ್ಲಿದೆ ಅಂದಂತೆ. ‘ನಾನು ಕೂಗಾಡಿದೆ. ನಿನಗೆ ಹೆದರಿಕೆಯಾಯಿತು. ತಪ್ಪು ನನ್ನದು.’ ಇಷ್ಟೇ. ‘ಆದರೆ’ ಬೇಡ, ‘ನಿಮ್ಮಮ್ಮನೂ’ ಬೇಡ.
— ಸ.

ಸ. ಅವರೇ, ‘ಪರಿತ್ಯಕ್ತ’ದ ಗತಿ?
— ವಿ.

ಪರಿತ್ಯಕ್ತ ಅಂದರೆ ತೊರೆಯಲ್ಪಟ್ಟವರು. ತೊರೆದವರಾರು ಅಂತ ಆಗಲೇ ತೀರ್ಪು ಕೊಟ್ಟ ಹಾಗೆ. ಈ ಕ್ಷೇತ್ರದ ದೊಡ್ಡ ಜಗಳವೇ ಅದು. ಅಮೆರಿಕದ ಮನೋವೈದ್ಯ ರಿಚರ್ಡ್ ಗಾರ್ಡ್ನರ್ 1985ರಲ್ಲಿ ‘ಪೇರೆಂಟಲ್ ಏಲಿಯನೇಶನ್ ಸಿಂಡ್ರೋಮ್’ ಎಂಬ ಹೆಸರಿಟ್ಟು, ಒಬ್ಬರ ವಿರುದ್ಧ ಮಗುವಿನ ಮನಸ್ಸನ್ನು ತಂದೆತಾಯಿಯರಲ್ಲಿ ಇನ್ನೊಬ್ಬರು ಕೆಡಿಸುತ್ತಾರೆ ಅಂದರು. 2001ರಲ್ಲಿ ಸಂಶೋಧಕಿಯರಾದ ಜೋನ್ ಕೆಲಿ ಮತ್ತು ಜಾನೆಟ್ ಜಾನ್ಸ್ಟನ್ ಎರಡನ್ನು ಬೇರ್ಪಡಿಸಿದರು: ಹಿಂಸೆ, ನಿರ್ಲಕ್ಷ್ಯದಂಥ ನಿಜವಾದ ಕಾರಣದಿಂದ ಮಗು ದೂರವಾಗುವುದು ಒಂದು, ತಕ್ಕ ಕಾರಣವಿಲ್ಲದೆ ಒಬ್ಬರನ್ನು ಪೂರಾ ತಳ್ಳಿಹಾಕುವುದು ಇನ್ನೊಂದು. ಅಮೆರಿಕದ ಮನೋವೈದ್ಯರ ಸಂಘದ ಮನೋರೋಗ ಕೈಪಿಡಿ, 2013ರ ಡಿಎಸ್ಎಂ-5ರಲ್ಲಿ ಆ ಸಿಂಡ್ರೋಮ್ ಸೇರಲಿಲ್ಲ. ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣವಾದ ಐಸಿಡಿ-11ರ ಸೂಚಿಯಲ್ಲಿದ್ದ ‘ಪೇರೆಂಟಲ್ ಏಲಿಯನೇಶನ್’ ಎಂಬ ಪದವನ್ನೂ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ತೆಗೆಯಿತು. ಆದ್ದರಿಂದ ‘ಏಲಿಯನೇಶನ್’ಗೆ ‘ಅನ್ಯೀಕರಣ’ ಅಂತ ಬಂದರೆ ಯಾರೋ ಮಾಡಿಸಿದರು ಅಂತಾಗುತ್ತದೆ. ‘ದೂರವಾದ’ ಅನ್ನಿ. ಅಕರ್ಮಕ ಧಾತುವಿಗೆ ಈ ಒಂದು ಪುಣ್ಯವಿದೆ, ಯಾರ ಮೇಲೂ ಬೆರಳು ತೋರುವುದಿಲ್ಲ.

‘ಪೋಷಕ’ವೂ ತೊಡಕೇ. ಪೋಷಿಸುತ್ತಿರುವುದು ಇನ್ನೊಬ್ಬರು! ‘ಹೆತ್ತವರು’ ಅಂದರೆ ದತ್ತು ಪಡೆದವರು ಹೊರಗುಳಿಯುತ್ತಾರೆ. ‘ದೂರವಾದ ತಂದೆ ಅಥವಾ ತಾಯಿ’ ಅಂತ ಉದ್ದಕ್ಕೇ ಬರೆಯಿರಿ, ಒಪ್ಪಿಗೆ ಪತ್ರದಲ್ಲಿ ಜಾಗವಿದೆ.
— ಸ.

ಇಷ್ಟೆಲ್ಲ ಯಾಕೆ? ಫಿಸಿಯೋಥೆರಪಿ ಎಲ್ಲರಿಗೂ ಗೊತ್ತು. ‘ಫ್ಯಾಮಿಲಿ ಥೆರಪಿ’ ಅಂತ ಹಾಕಿ ಮುಗಿಸಿ.
— ಮ.

ಹೌದು. ಡಿವೋರ್ಸು, ಕಸ್ಟಡಿ, ಥೆರಪಿ, ರಿಪೋರ್ಟು. ಕನ್ನಡದ ಪಾಲಿಗೆ ವಿಭಕ್ತಿ ಪ್ರತ್ಯಯವನ್ನಾದರೂ ಉಳಿಸಿದ್ದಕ್ಕೆ ವಂದನೆ.
— ನ.

ನ. ಅವರ ಮಾತು ಹಾಗಿರಲಿ, ‘ಬಾಂಧವ್ಯಬೆಸುಗೆ’ ಅಂತ ಯಾರೂ ತೇಪೆ ಹಾಕದಿರಲಿ. ಅದು ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಕೂಡಿಸಿದ್ದು. ‘ಶಬ್ದಮಣಿದರ್ಪಣ’ ಬರೆದ ವ್ಯಾಕರಣಕಾರ ಕೇಶಿರಾಜ ಸುಮ್ಮನೆ ಬೇಡ ಅಂದಿಲ್ಲ.
— ಗ.

ಮಳೆಗಾಲ, ಚಳಿಗಾಲ ಅನ್ನುವಾಗ ಕೇಶಿರಾಜ ನೆನಪಾಗುವುದಿಲ್ಲವೇ ಸರ್?
— ಮ.

ಅವು ರೂಢಿ. ಇದು ಇಂದು ಬೆಳಗ್ಗೆ ಹುಟ್ಟಿದ್ದು.
— ಗ.

ಸಾಕು, ಹೀಗೆ ಮಾಡುತ್ತೇನೆ. ಬಾಗಿಲಿಗೆ ‘ಕುಟುಂಬ ಸಮಾಲೋಚನೆ’ ಮಾತ್ರ. ಒಳಗೆ ಯಾರು ಯಾಕೆ ಬಂದರು ಅಂತ ಹಾದುಹೋಗುವವರಿಗೆ ತಿಳಿಯಬೇಕಿಲ್ಲ. ಒಪ್ಪಿಗೆ ಪತ್ರದ ತಲೆಬರಹ ‘ಮಗು ಮತ್ತು ದೂರವಾದ ತಂದೆ ಅಥವಾ ತಾಯಿ: ಬಾಂಧವ್ಯ ಪುನಶ್ಚೇತನ ಚಿಕಿತ್ಸೆ’. ಅಲ್ಲಿ ಓದುವವರು ದೊಡ್ಡವರು, ವಕೀಲರು, ‘ಚಿಕಿತ್ಸೆ’ ಇರಲಿ. ಕೊನೆಯ ಸಂದೇಹ: ‘ಥೆರಪಿಸ್ಟ್’, ‘ಇವ್ಯಾಲ್ಯುಯೇಟರ್’ ಎರಡಕ್ಕೂ ಕರಡಿನಲ್ಲಿ ‘ತಜ್ಞರು’ ಅಂತಿದೆ.
— ವಿ.

ಬೇರೆ ಮಾಡಲೇಬೇಕು. ಚಿಕಿತ್ಸಕರು, ಮೌಲ್ಯಮಾಪಕರು. ಮಗು ಯಾರ ಬಳಿ ಇರಬೇಕು ಅಂತ ಸಲಹೆ ಕೊಡುವುದು ಎರಡನೆಯವರ ಕೆಲಸ. ಚಿಕಿತ್ಸೆ ಕೊಟ್ಟವರೇ ಅದನ್ನೂ ಬರೆಯುತ್ತಾರೆ ಅಂತಾದರೆ ಯಾರೂ ನಿಜ ಹೇಳುವುದಿಲ್ಲ. ನ್ಯಾಯಾಲಯಕ್ಕೆ ಏನು ಹೋಗುತ್ತದೆ, ಹಾಜರಿಯಷ್ಟೇ ಅಥವಾ ಪ್ರಗತಿಯ ಸಾರಾಂಶವೂ ಅನ್ನುವುದು ಸಹಿಗೆ ಮುಂಚೆ ಅದೇ ಪುಟದಲ್ಲಿರಲಿ.
— ಸ.

ಕುಟುಂಬ, ಸಮಾಲೋಚನೆ, ಬಾಂಧವ್ಯ, ಪುನಶ್ಚೇತನ, ಚಿಕಿತ್ಸೆ. ಐದಕ್ಕೆ ಐದೂ ಸಂಸ್ಕೃತ. ‘ಮಗು’ವನ್ನಾದರೂ ‘ಶಿಶು’ ಮಾಡದೆ ಬಿಡಿ.
— ನ.