'ಬೇಗುಯಿ ಜೊಂಗುನ್': ಕನ್ನಡದಲ್ಲಿ ಏನನ್ನೋಣ?

ಕೊರಿಯಾದ ನೌಕಾ ಸೇನಾನಿ ಯಿ ಸುನ್ ಶಿನ್ (1545–1598) ಬಗ್ಗೆ ಬರೆಯುತ್ತಿದ್ದೇನೆ. ಅವನ ಆಮೆ ಹಡಗು, ಅಂದರೆ ಮೇಲೆ ಚಿಪ್ಪಿನಂತೆ ಮುಚ್ಚಿದ ಯುದ್ಧದ ಹಡಗು, ಕನ್ನಡಕ್ಕೆ ಸಲೀಸಾಗಿ ಬಂತು. ದಂಡೆತ್ತಿ ಬಂದ ಜಪಾನಿನ ಮೇಲೆ 1592ರ ಹಾನ್‌ಸಾನ್ ಕಾಳಗದಲ್ಲಿ ಹೂಡಿದ ಕೊಕ್ಕರೆ ರೆಕ್ಕೆಯ ವ್ಯೂಹವೂ ಅಷ್ಟೇ. ಭಾರತ ಓದಿದವರಿಗೆ ಕ್ರೌಂಚವ್ಯೂಹ ಹೊಸದಲ್ಲವಲ್ಲ. ತೊಡಕಾಗಿರುವುದು 'ಬೇಗುಯಿ ಜೊಂಗುನ್' ಅನ್ನೋ ಮಾತು.

ಬಿಡಿಸಿ ಹೇಳಿದರೆ 'ಬಿಳಿ ಬಟ್ಟೆಯಲ್ಲಿ ದಂಡಿನ ಹಿಂದೆ ಹೋಗುವುದು'. ಅದೊಂದು ಶಿಕ್ಷೆ. ಪದವಿ ಕಿತ್ತುಕೊಳ್ಳುತ್ತಾರೆ, ಆದರೆ ಸೇನೆಯಿಂದ ಬಿಡುವುದಿಲ್ಲ. ಬಿಳಿ ಬಟ್ಟೆ ಅಲ್ಲಿ ಪದವಿಯಿಲ್ಲದ ಸಾಮಾನ್ಯ ಜನರ ಉಡುಗೆ. ನಮ್ಮಲ್ಲಿ ಬಿಳಿ ಅಂದ ಕೂಡಲೇ ಖಾದಿಯೋ ವೈಧವ್ಯವೋ ನೆನಪಾಗುತ್ತದೆ, ಅಲ್ವಾ? ಅದೇ ಕಷ್ಟ.

ಅವನಿಗೆ ಈ ಶಿಕ್ಷೆ ಎರಡು ಸಲ ಆಯಿತು. ಎರಡನೆಯದು 1597ರಲ್ಲಿ. ಜಪಾನಿನ ಸೇನಾನಿ ಕಾಟೋ ಕಿಯೋಮಾಸ ಕಡಲ ದಾರಿಯಲ್ಲಿ ಬರುತ್ತಿದ್ದಾನೆ, ಮೇಲೆ ಬೀಳು ಅಂತ ಅರಮನೆಯಿಂದ ಅಪ್ಪಣೆ ಬಂತು. ಸುದ್ದಿ ಕೊಟ್ಟವನು ಎರಡೂ ಕಡೆಯ ಗೂಢಚಾರ. ಇದು ಬಲೆ ಅನ್ನಿಸಿ ಯಿ ಹೊರಡಲಿಲ್ಲ. ದೊರೆ ಸೊಂಜೊ ಅವನನ್ನು ಸೆರೆಗೆ ಹಾಕಿಸಿದ. ಚಿತ್ರಹಿಂಸೆಯಾಯಿತು. ಕೊನೆಗೆ ಜೀವ ಉಳಿಸಿ, ದಂಡನಾಯಕ ಕ್ವೋನ್ ಯುಲ್‌ನ ಪಾಳೆಯಕ್ಕೆ ಕಳಿಸಿದರು. ಆ ದಾರಿಯಲ್ಲೇ ತಾಯಿ ತೀರಿಕೊಂಡ ಸುದ್ದಿ. ಮಗನನ್ನು ನೋಡಲೆಂದು ಹಡಗು ಹತ್ತಿ ಹೊರಟಿದ್ದ ಮುದುಕಿ. ಮಣ್ಣು ಮಾಡುವ ತನಕವೂ ಅವನನ್ನು ನಿಲ್ಲಲು ಬಿಡಲಿಲ್ಲ. ಇದನ್ನು ಓದಿದ ಮೇಲೆ ಸುಮ್ನೆ ಯಾವುದೋ ಒಂದು ಪದ ಹಾಕಿ ಮುಂದೆ ಹೋಗಲು ನನಗೆ ಮನಸ್ಸಾಗುತ್ತಿಲ್ಲ.

ಅವನ ಜಾಗಕ್ಕೆ ಬಂದ ವೋನ್ ಗ್ಯುನ್ ಚಿಲ್ಚೊಲ್ಯಾಂಗ್ ಕಾಳಗದಲ್ಲಿ ನೌಕಾಪಡೆಯನ್ನು ಹೆಚ್ಚುಕಡಿಮೆ ಪೂರ್ತಿ ಕಳೆದ. ಮತ್ತೆ ಯಿಯನ್ನೇ ಕರೆದರು. ಬರೀ 13 ಹಡಗು ಇಟ್ಟುಕೊಂಡು ಮ್ಯೊಂಗ್ನ್ಯಾಂಗ್ ಜಲಸಂಧಿಯಲ್ಲಿ ಅವನು ಜಪಾನಿನ ದೊಡ್ಡ ಪಡೆಯನ್ನು ತಡೆದ. ಅವನಿಂದಾಗಿಯೇ ಈ ಮಾತಿಗೆ ಇಂದು ಮರ್ಯಾದೆ ಬಂದಿದೆ. 'ಕುರ್ಚಿ ಬೇಡ, ಪಕ್ಷಕ್ಕೆ ದುಡಿಯುತ್ತೇನೆ' ಅನ್ನುವ ಕೊರಿಯಾದ ರಾಜಕಾರಣಿ ಬಳಸುವುದೂ ಇದನ್ನೇ.

'ಹಿಂಬಡ್ತಿ' ಕಚೇರಿ ಕಡತದ ಪದ. 'ಪದಚ್ಯುತಿ' ಅಂದರೆ ಮನೆಗೆ ಕಳಿಸಿದಂತೆ. 'ಕಾಲಾಳಾದ' ಹತ್ತಿರ ಬರುತ್ತದೆ, ಆದರೆ ಅವಮಾನದ ಎಳೆ ಅದರಲ್ಲಿಲ್ಲ. ಸದ್ಯಕ್ಕೆ ನನಗೆ ಹಿಡಿಸಿರುವುದು 'ಪದವಿ ಕಳಚಿ ದಂಡಿಗೆ ಹೋದ'. 'ದಂಡಿಗೆ ಹೋಗು' ನಮ್ಮದೇ ಮಾತು, ಕಿವಿಗೂ ಹಿತ. ಆದರೆ ಬಿಳಿ ಬಟ್ಟೆ ಕೈತಪ್ಪಿತು. ಉಡುಗೆಯನ್ನೂ ಉಳಿಸಿಕೊಳ್ಳುವ ಹಳೆಯ ಮಾತು ಲಾವಣಿಯಲ್ಲೋ ಶಾಸನದಲ್ಲೋ ಯಾರ ಕಣ್ಣಿಗಾದರೂ ಬಿದ್ದಿದೆಯೇ?